ಹೆಸರು ಹೊಲಿದ ಹೊದಿಕೆ, ಹಳೆ ತೊಟ್ಟಿಲು, ಮಳೆಗಾಲದ ಬಾಣಂತಿ ಕೋಣೆ: ಗೊತ್ತಿದ್ದವರು ಹೇಳಿ

ಕಾಟುಕುಕ್ಕೆಯ ಚಿಕ್ಕಮ್ಮ

ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಆಟಿಯಲ್ಲಿ ದಿನ ತುಂಬುತ್ತದೆ, ಅಂದರೆ ಮಳೆ ಜೋರಾಗಿರುವ ಹೊತ್ತು. ನಮ್ಮದು ಹಂಚಿನ ಮನೆ. ಬಡಗು ಕೋಣೆಯನ್ನು ಅವಳಿಗೂ ಮಗುವಿಗೂ ಬಿಟ್ಟುಕೊಡುವುದು ಅಂತ ಆಗಿದೆ. ಅದನ್ನು ಚಂದ ಮಾಡುವ ಕೆಲಸ ನನ್ನದು.

ನನ್ನ ದೊಡ್ಡ ಆಸೆ ಒಂದಿದೆ. ಮಗುವಿನ ಹೆಸರನ್ನು ಕನ್ನಡದಲ್ಲಿ ಹೊಲಿದ ಒಂದು ಹೊದಿಕೆ. ಪೇಟೆಯಲ್ಲಿ ಸಿಗುವುದು ಇಂಗ್ಲಿಷ್ ಅಕ್ಷರದ್ದು. ಹೇಳಿದರೆ ಮಲಯಾಳಂನಲ್ಲೂ ಮಾಡಿ ಕೊಡುತ್ತಾರೆ. ಕನ್ನಡ ಅಂದರೆ ಕೈ ಆಡಿಸುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಹುಟ್ಟುವ ಮಗು ಮೊದಲು ನೋಡುವ ಅಕ್ಷರ ಕನ್ನಡದ್ದಾಗಿರಬೇಕು ಅಂತ ನನಗೆ ತುಂಬಾ ಇದೆ.

ಕೇಳಬೇಕಾದ್ದು ಇಷ್ಟು. ಬಟ್ಟೆ ಯಾವುದು, ದಾರ ಯಾವುದು? ಅಟ್ಟದಲ್ಲಿ ಅಜ್ಜನ ಕಾಲದ ಮರದ ತೊಟ್ಟಿಲು ಇದೆ, ಅದನ್ನು ಇಳಿಸಬಹುದಾ? ಅಮ್ಮನಿಗೆ ಸೀರೆ ತೊಟ್ಟಿಲೇ ಇಷ್ಟ. ಗೋಡೆಗೆ ಹೊಸ ಬಣ್ಣ ಕೊಡಬಹುದಾ? ಮಗು ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯಬಾರದು ಅಂತ ಅಜ್ಜಿ ಹೇಳುತ್ತಾರೆ. ಅವರ ಮಾತು ಮೀರಲು ನನಗೆ ಮನಸ್ಸಿಲ್ಲ.

ಬದಿಯಡ್ಕ ಟೈಲರಕ್ಕ

ಅಜ್ಜಿಯ ಮಾತು ಮೀರಬೇಕಾಗಿಲ್ಲ ತಂಗಿ. ಹೇಗೂ ಹೆಸರು ಗೊತ್ತಾಗುವುದು ನಾಮಕರಣದ ಹೊತ್ತಿಗೆ. ಈಗ ಬಟ್ಟೆ ತಂದು ತೊಳೆದು ಒಣಗಿಸಿಡಿ. ಅಕ್ಷರ ಬರೆದು ಬೇರೆ ತುಂಡಿನ ಮೇಲೆ ಕೈ ಪಳಗಿಸಿ. ಹೊಲಿಗೆ ಮಗು ಬಂದ ಮೇಲೆ. ಒಂದು ಹೆಸರು ಹೊಲಿಯಲು ಎರಡು ಮಧ್ಯಾಹ್ನ ಸಾಕು.

ಬಟ್ಟೆ ಅಂದರೆ ಶುದ್ಧ ಹತ್ತಿಯೇ ಆಗಬೇಕು. ಎರಡು ಪದರದ ಮಲ್ಮಲ್ ಒಳ್ಳೆಯದು. ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಉಣ್ಣೆಯಂತೆ ಕಾಣುವ ಪಾಲಿಯೆಸ್ಟರ್ ಫ್ಲೀಸ್ ನಮ್ಮ ಸೆಕೆಗೆ ಬೇಡ. ಮನೆಯಲ್ಲಿ ಯಾರದ್ದಾದರೂ ಹಳೆಯ ಕಾಸರಗೋಡು ಸೀರೆ ಇದೆಯಾ ನೋಡಿ. ನಮ್ಮ ಕೈಮಗ್ಗದ ಹತ್ತಿ ಸೀರೆ, ಭೌಗೋಳಿಕ ಗುರುತು ಸಿಕ್ಕಿದ ಸೀರೆ. ಹೊಸದರಲ್ಲಿ ಗಂಜಿ ಇರುತ್ತದೆ, ಗಟ್ಟಿ ಅನ್ನಿಸುತ್ತದೆ. ಉಟ್ಟು ಒಗೆದು ಹಳತಾದ ಮೇಲೆ ಅದರಷ್ಟು ಮೆದು ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಬಟ್ಟೆಯೇ ತಂದರೆ ಹೊಲಿಯುವ ಮೊದಲು ಒಗೆಯಲೇಬೇಕು. ಗಂಜಿ ಹೋಗುತ್ತದೆ, ಬಟ್ಟೆ ಎಷ್ಟು ಕುಗ್ಗುತ್ತದೋ ಅಷ್ಟು ಕುಗ್ಗಿ ನಿಲ್ಲುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಕ್ಷರದ ಸುತ್ತ ಬಟ್ಟೆ ಸುಕ್ಕಾಗಿ ಎದ್ದು ನಿಲ್ಲುತ್ತದೆ.

ದಾರಕ್ಕೆ ಒಂದು ಪರೀಕ್ಷೆ. ಆರೆಳೆಯ ಕಸೂತಿ ದಾರ ತನ್ನಿ. ತುಂಡು ದಾರವನ್ನು ಬಿಸಿನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಒತ್ತಿ ತಿಕ್ಕಿ. ಕೆಂಪು, ಕಡುನೀಲಿ ಹೆಚ್ಚಾಗಿ ಬಣ್ಣ ಬಿಡುತ್ತವೆ. ಮಗು ಬಟ್ಟೆ ಚೀಪುತ್ತದೆ ಅನ್ನುವುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯ ಹೊದಿಕೆಯ ಹಿಂಬದಿ. ಮುಂದೆ ಎಷ್ಟು ಚಂದ ಇದ್ದರೂ ಹಿಂದೆ ದಾರ ಜೋತಾಡುತ್ತಿದ್ದರೆ ಆ ಹೊದಿಕೆ ಮಗುವಿಗೆ ಆಗದು. ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾರ ಹಾಯಿಸಬೇಡಿ. ಪ್ರತಿ ಅಕ್ಷರಕ್ಕೆ ದಾರ ಮುಗಿಸಿ, ಹೊಲಿಗೆಯ ಒಳಗೇ ಸಿಕ್ಕಿಸಿ, ಕತ್ತರಿಸಿ. ಗಂಟು ಬೇಡ. ಆಮೇಲೆ ಹಿಂದೆ ಒಂದು ಮೆದು ಹತ್ತಿ ತುಂಡು ಇಟ್ಟು ಸುತ್ತ ಹೊಲಿದುಬಿಡಿ. ಸಡಿಲ ದಾರ ಅಥವಾ ಉದ್ದ ಕೂದಲು ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದು ನಿಂತು ಬೆರಳು ಊದುತ್ತದೆ. ಮಗು ಯಾಕೆ ಅಳುತ್ತದೆ ಅಂತ ಯಾರಿಗೂ ತಿಳಿಯುವುದಿಲ್ಲ. ಕಾರಣ ಗೊತ್ತಿಲ್ಲದೆ ಅಳುವ ಮಗುವಿನ ಕೈಕಾಲಿನ ಬೆರಳು ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮಣಿ, ಮಿಂಚು, ಗುಂಡಿ, ಸರಿಗೆ, ರಿಬ್ಬನ್, ಕುಚ್ಚು, ತೂತಿನ ಲೇಸು ಯಾವುದೂ ಬೇಡ. ಹೆಸರು ಒಂದು ಮೂಲೆಯಲ್ಲಿ ಇರಲಿ. ನಡುವೆ ಹಾಕಿದರೆ ಮಗುವಿನ ಕೆನ್ನೆಗೆ ಹೊಲಿಗೆ ಉಜ್ಜುತ್ತದೆ.

ಕುಂಬಳೆ ಸಿಸ್ಟರ್

ಟೈಲರಕ್ಕ ಬೆರಳಿನ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಹೊಲಿಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಬೇಜಾರಾಗುತ್ತದೆ.

ಹೊದಿಕೆ ಮಾಡಿ. ಪ್ರೀತಿಯಿಂದ ಮಾಡಿ. ಆದರೆ ಮಲಗಿದ ಮಗುವಿನ ಮೇಲೆ ಹಾಕಬೇಡಿ. ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು, ಬದಿಗೆ ಕಟ್ಟುವ ಮೆತ್ತೆ, ಬಟ್ಟೆಯ ಗೊಂಬೆ ಇರಬಾರದು. ಕಾರಣ ಇದೆ. ಎಳೆ ಮಗು ಮುಖದ ಮೇಲೆ ಬಟ್ಟೆ ಬಿದ್ದರೆ ತೆಗೆದುಹಾಕಲಾರದು. ತಲೆ ಹೊರಳಿಸಿ ತಪ್ಪಿಸಿಕೊಳ್ಳುವ ಬಲವೂ ಸಾಲದು. ಬಟ್ಟೆಯೊಳಗೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಕಡಿಮೆ ಆಗುತ್ತದೆ. ದೊಡ್ಡವರಾದರೆ ಒದ್ದಾಡಿ ಎಚ್ಚರವಾಗುತ್ತೇವೆ. ಎಳೆ ಮಕ್ಕಳಿಗೆ ಆ ಎಚ್ಚರ ಬರುವುದು ನಿಧಾನ. ನಿದ್ದೆಯಲ್ಲಿ ಹಠಾತ್ತನೆ ಸಂಭವಿಸುವ ಸಾವು ಹೆಚ್ಚಾಗಿ ಕಾಣುವುದು 1ರಿಂದ 4 ತಿಂಗಳ ನಡುವೆ.

ಅಂಗಾತ ಮಲಗಿಸಿ. ಹಗಲಿಗೂ ರಾತ್ರಿಗೂ ಅದೇ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅನ್ನುವ ಪ್ರಚಾರ ಶುರುವಾಯಿತು. ಮುಂದಿನ 10 ವರ್ಷಗಳಲ್ಲಿ ಇಂಥ ಸಾವು ಅರ್ಧದಷ್ಟು ಇಳಿಯಿತು. ಮಲಗಿಸುವ ರೀತಿ ಬದಲಾಯಿಸಿದ್ದಕ್ಕೇ ಅಷ್ಟು ಜೀವ ಉಳಿಯಿತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೊಸದಾಗಿ ಕೊಟ್ಟ ಸಲಹೆಯೂ ಇದೇ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ಬಿಗಿಯಾಗಿ ಕೂತ ಒಂದು ಮೇಲುಹಾಸು. ಬೇರೇನೂ ಇಲ್ಲ. ತಾಯಿಯ ಕೋಣೆಯಲ್ಲೇ, ಆದರೆ ಮಗುವಿಗೆ ಅದರದ್ದೇ ಹಾಸಿಗೆ.

ನೀವು ಹೊಲಿಯುವ ಹೊದಿಕೆಗೆ ಕೆಲಸ ಬೇಕಾದಷ್ಟಿದೆ. ಮಡಿಲಲ್ಲಿ ಎತ್ತಿಕೊಂಡಾಗ, ಹಾಲು ಕುಡಿಸುವಾಗ, ನೆಲದಲ್ಲಿ ಆಡಿಸುವಾಗ, ನೋಡಲು ಬಂದವರ ಕೈಗೆ ಕೊಡುವಾಗ. ಮಗು ಎಚ್ಚರ ಇರಬೇಕು, ಪಕ್ಕದಲ್ಲಿ ದೊಡ್ಡವರು ಇರಬೇಕು. ಅಷ್ಟೇ.

ನೀರ್ಚಾಲಿನ ಅಜ್ಜಿ

ಮೊಮ್ಮಗಳ ಫೋನಿನಲ್ಲಿ ಓದಿಸಿಕೊಂಡು ಅವಳ ಕೈಯಲ್ಲೇ ಬರೆಸುತ್ತಿದ್ದೇನೆ. ಸಿಸ್ಟರ್ ಹೇಳಿದ್ದು ನನಗೆ ಒಪ್ಪಿಗೆ ಆಗಲಿಲ್ಲ. ಆಟಿಯ ರಾತ್ರಿ ಹಂಚಿನ ಸಂದಿಯಿಂದ ಇರಿಚಲು ಬರುತ್ತದೆ, ಥಂಡಿ ಗಾಳಿ ನುಗ್ಗುತ್ತದೆ. ಅಂಥಾದ್ದರಲ್ಲಿ ಎಳೆ ಕೂಸನ್ನು ಹೊದಿಸದೆ ಮಲಗಿಸುವುದು ಅಂದರೆ ಹೇಗೆ? ಶೀತ ಆದರೆ ಯಾರು ನೋಡುವುದು? ನಾವು ಹಳೆ ಪಂಚೆಯಲ್ಲಿ ಸುತ್ತಿ, ಮೇಲೊಂದು ಹೊದಿಸಿ, ತಲೆಗೆ ಟೊಪ್ಪಿ ಹಾಕಿಯೇ ಮಕ್ಕಳನ್ನು ಸಾಕಿದ್ದು. ಸಾಸಿವೆ ದಿಂಬು ಇಡದಿದ್ದರೆ ತಲೆ ಚಪ್ಪಟೆ ಆಗುವುದಿಲ್ಲವಾ?

ಕುಂಬಳೆ ಸಿಸ್ಟರ್

ಅಜ್ಜೀ, ಥಂಡಿಯ ಚಿಂತೆ ನಿಜವಾದದ್ದೇ. ಎಳೆ ಮಗು ಬೇಗ ತಣ್ಣಗಾಗುತ್ತದೆ. ಹುಟ್ಟಿದ ಮೇಲೆ 24 ಗಂಟೆ ಸ್ನಾನ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದಕ್ಕೇ. ಆದರೆ ಬೆಚ್ಚಗೆ ಇಡಬೇಕಾದ್ದು ಮೈಗೆ ಹಾಕುವ ಬಟ್ಟೆಯಿಂದ. ಮೇಲೆ ಹೊದಿಸಿದ್ದು ಜಾರಿ ಮುಖಕ್ಕೆ ಬರುತ್ತದೆ, ಹಾಕಿಸಿದ್ದು ಬರುವುದಿಲ್ಲ. ನೀವು ಆ ಕೋಣೆಯಲ್ಲಿ ಎಷ್ಟು ಬಟ್ಟೆ ಹಾಕಿ ಕೂರುತ್ತೀರೋ ಅದಕ್ಕಿಂತ ಒಂದು ಪದರ ಜಾಸ್ತಿ ಮಗುವಿಗೆ ಸಾಕು. ಮಲಗುವ ಚೀಲದಂಥ ಉಡುಪು ಸಿಗುತ್ತದೆ. ಕೈ ಹೊರಗೆ, ಕಾಲು ಒಳಗೆ. ಟೈಲರಕ್ಕನಂಥವರು ಹತ್ತಿ ಬಟ್ಟೆಯಲ್ಲಿ ಮಾಡಿಕೊಟ್ಟಾರು. ಕುತ್ತಿಗೆ ಮಾತ್ರ ಅಳತೆಗೆ ಸರಿಯಾಗಿರಬೇಕು, ತಲೆ ಒಳಗೆ ಜಾರಬಾರದು.

ಅಂಗೈ ಅಂಗಾಲು ಮುಟ್ಟಿ ಥಂಡಿ ಅಂತ ತೀರ್ಮಾನ ಮಾಡಬೇಡಿ. ಅವು ತಣ್ಣಗೇ ಇರುತ್ತವೆ. ಎದೆ ಅಥವಾ ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಜಾಸ್ತಿ ಆಗಿದೆ. ಮಗು ತಲೆಯಿಂದ ಬಿಸಿ ಹೊರಬಿಡುತ್ತದೆ. ಹಾಗಾಗಿ ಮನೆಯೊಳಗೆ ನಿದ್ದೆ ಮಾಡುವಾಗ ಟೊಪ್ಪಿ ಬೇಡ. ತೂಕ ಕಡಿಮೆ ಇರುವ ಮಗುವಾದರೆ ಲೆಕ್ಕ ಬೇರೆ, ಹೆರಿಗೆ ಆದಲ್ಲಿ ಹೇಳಿದಂತೆ ಮಾಡಿ.

ಸುತ್ತುವುದು ಸರಿ. ಎದೆಯ ಹತ್ತಿರ ತೀರಾ ಬಿಗಿ ಬೇಡ. ಸೊಂಟದ ಕೆಳಗೆ ಸಡಿಲ ಇರಲಿ. ಕಾಲು ಕಪ್ಪೆಯ ಹಾಗೆ ಮಡಚಿ ಅಗಲಿಸಲು ಜಾಗ ಬೇಕು. ನೇರ ಮಾಡಿ ಬಿಗಿದು ಕಟ್ಟಿದರೆ ಸೊಂಟದ ಕೀಲು ಜಾರುವ ಅಪಾಯ ಇದೆ. ಮಗು ಹೊರಳಲು ನೋಡುವ ಸೂಚನೆ ಕಂಡ ದಿನದಿಂದ ಸುತ್ತುವುದು ನಿಲ್ಲಿಸಿ.

ಸಾಸಿವೆ ದಿಂಬು, ರಾಗಿ ದಿಂಬು ಎರಡೂ ಬೇಡ. ತಲೆ ದುಂಡಗೆ ಆಗಲು ದಿನಾ ಎಚ್ಚರ ಇರುವಾಗ ಸ್ವಲ್ಪ ಹೊತ್ತು ಕವುಚಿ ಮಲಗಿಸಿ ಎದುರು ಕೂತು ಮಾತಾಡಿಸಿ. ರಾತ್ರಿ ಮಲಗಿಸುವಾಗ ಮುಖ ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ.

ಅಕ್ಕಲಕೋಟೆ ಕೌದಿ

ಸೊಲ್ಲಾಪುರ ಜಿಲ್ಲೆಯಿಂದ ನಮಸ್ಕಾರ ರೀ ಎಲ್ಲರಿಗೂ. ಕವುಚಿ ಮಲಗಿಸುವ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಅದಕ್ಕೆ ಕೌದಿ ಬಿಟ್ಟರೆ ಬೇರೆ ಇಲ್ಲ. ನಮ್ಮ ಕಡೆ ಹಳೆ ಸೀರೆ, ಧೋತರ, ಇಳಕಲ್ ಸೆರಗು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿಯುತ್ತೇವೆ. ಸಣ್ಣ ಸಣ್ಣ ಓಟದ ಹೊಲಿಗೆ, ಅಂಚಿನಿಂದ ಒಳಕ್ಕೆ. ಹೊಲಿಗೆ ಒತ್ತಾಗಿ ಇರುವುದರಿಂದ ಪದರ ಸರಿಯುವುದಿಲ್ಲ. ನೆಲದ ತಂಪು ಮೇಲೆ ಬರುವುದಿಲ್ಲ. ಹತ್ತಿ ತುಂಬಿದ ಗಾದಿಯ ಹಾಗೆ ಕುಸಿಯುವುದೂ ಇಲ್ಲ.

ಅಕ್ಕಾರ, ನಿಮ್ಮ ಅಜ್ಜಿಯ ಸೀರೆ, ಅಮ್ಮನ ಸೀರೆ, ಬೀಗರ ಮನೆಯ ಒಂದು ಪಂಚೆ ಕೇಳಿ ತಂದು ಒಂದು ಕೌದಿ ಮಾಡಿ. ಹಳೆ ಬಟ್ಟೆ ಆದ್ದರಿಂದ ಹೆರಿಗೆಗೆ ಮೊದಲೇ ಹೊಲಿದರೂ ಅಜ್ಜಿ ಬೇಡ ಅನ್ನಲಿಕ್ಕಿಲ್ಲ. ಹೆಸರಿಗೆ ಒಂದು ಮೂಲೆ ಖಾಲಿ ಬಿಡಿ. ಕೌದಿ ಭಾರ ಇರುತ್ತದೆ. ಅದು ಹಾಸಲಿಕ್ಕೆ ಮಾತ್ರ, ಮಗುವಿಗೆ ಹೊದಿಸಲಿಕ್ಕೆ ಅಲ್ಲ.

ನೀರ್ಚಾಲಿನ ಅಜ್ಜಿ

ಹಾಸುವುದು ಸರಿ. ನಮ್ಮಲ್ಲೂ ಹಳೆ ಸೀರೆ ಮಡಚಿ ಹೊಲಿದು ಹಾಸುವ ಕ್ರಮ ಇತ್ತು. ಸೀರೆ ತೊಟ್ಟಿಲಿನ ಬಗ್ಗೆ ಸಿಸ್ಟರ್ ಏನೂ ಹೇಳಲಿಲ್ಲವಲ್ಲ?

ಕುಂಬಳೆ ಸಿಸ್ಟರ್

ಹೇಳುತ್ತೇನೆ ಅಜ್ಜಿ. ಸೀರೆ ತೊಟ್ಟಿಲಲ್ಲಿ ಮಗು ಬಾಗಿ ಮಲಗುತ್ತದೆ. ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಬದಿಯ ಬಟ್ಟೆ ಮುಖಕ್ಕೆ ಒತ್ತುತ್ತದೆ. ನಮ್ಮ ಊರಿನಲ್ಲಿ ಸೀರೆ ತೊಟ್ಟಿಲು ಇಲ್ಲದ ಮನೆ ಕಡಿಮೆ, ನನಗೆ ಗೊತ್ತು. ಅತ್ತಾಗ ತೂಗಿ ಸಮಾಧಾನ ಮಾಡುವುದಿದ್ದರೆ ಎದುರಲ್ಲೇ ಕೂತು, ಮುಖ ಕಾಣುವ ಹಾಗೆ ತೂಗಿ. ಕಣ್ಣು ಮುಚ್ಚಿದ ಕೂಡಲೇ ಎತ್ತಿ ಗಟ್ಟಿ ಹಾಸಿಗೆಗೆ ಹಾಕಿ. ತೂಗುತ್ತಾ ಬಿಟ್ಟು ಅಡುಗೆಮನೆಗೆ ಹೋಗಬಾರದು. ದೊಡ್ಡ ಮಕ್ಕಳು ಅದರಲ್ಲಿ ಕೂತು ಸುತ್ತು ತಿರುಗದಂತೆಯೂ ನೋಡಿಕೊಳ್ಳಿ. ಬಟ್ಟೆ ಹುರಿಯಾಗಿ ಕುತ್ತಿಗೆಗೆ ಬೀಳುತ್ತದೆ.

ತಾಳವಾಡಿಯ ಅಪ್ಪ

ಮರದ ತೊಟ್ಟಿಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಮರಗೆಲಸದವನು, ನಮ್ಮ ಮನೆಯಲ್ಲೂ ಹಳೆ ತೊಟ್ಟಿಲನ್ನೇ ಸರಿ ಮಾಡಿ ಬಳಸುತ್ತಿದ್ದೇವೆ.

ಮೊದಲು ಸ್ಕೇಲ್ ತೆಗೆದುಕೊಂಡು ಸರಳುಗಳ ನಡುವಿನ ಅಂತರ ಅಳೆಯಿರಿ. 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಜಾಸ್ತಿ ಇದ್ದರೆ ಮಗುವಿನ ಮೈ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಳೆ ತೊಟ್ಟಿಲುಗಳಲ್ಲಿ ಕಡೆದ ಸರಳು ಚಂದ ಇರುತ್ತವೆ, ಅಂತರ ಮಾತ್ರ ಒಂದೊಂದು ಕಡೆ ಒಂದೊಂದು ಥರ. ನಡುವೆ ಇನ್ನೊಂದು ಸರಳು ಕೂರಿಸಬಹುದು, ಆಚಾರಿಗೆ ಸಣ್ಣ ಕೆಲಸ. ಅದಕ್ಕೆ ಮೆತ್ತೆ ಕಟ್ಟಿ ಮುಚ್ಚುವುದು ಪರಿಹಾರ ಅಲ್ಲ. ಅಂಥ ಬದಿ ಮೆತ್ತೆಗಳ ಮಾರಾಟವನ್ನೇ ಅಮೆರಿಕ 2022ರ ಕಾನೂನಿನಲ್ಲಿ ನಿಲ್ಲಿಸಿತು. ಹಾಸಿಗೆ ತೊಟ್ಟಿಲಿನ ಅಳತೆಗೆ ಸರಿಯಾಗಿರಲಿ. ಬದಿಯಲ್ಲಿ ಎರಡು ಬೆರಳಿಗಿಂತ ಹೆಚ್ಚು ಸಂದಿ ಬಿಟ್ಟರೆ ಮುಖ ಅಲ್ಲಿಗೆ ಸಿಕ್ಕುತ್ತದೆ. ತೂಗುವ ಕೊಂಡಿ, ಸರಪಳಿ, ಜಂತಿಯ ಕೊಕ್ಕೆ ಎಲ್ಲವನ್ನೂ ಭಾರ ಹಾಕಿ ಎಳೆದು ನೋಡಿ. ಹಂಚಿನ ಮನೆಯ ಜಂತಿಗೆ ಗೆದ್ದಲು ಹಿಡಿದಿರಬಹುದು. ಮಗು ಹೊರಳಲು, ಕೈಯೂರಿ ಏಳಲು ಶುರು ಮಾಡಿದ ಮೇಲೆ ತೂಗುವ ತೊಟ್ಟಿಲು ಬಳಸುವುದನ್ನು ನಿಲ್ಲಿಸಿ.

ಆ ತೊಟ್ಟಿಲಿಗೆ ಹಳೆ ಬಣ್ಣ ಇದ್ದರೆ ಒಣಗಿದ್ದನ್ನೇ ಉಜ್ಜಬೇಡಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಪುಡಿ ಎದ್ದರೆ ಗರ್ಭಿಣಿಗೂ ಮಗುವಿಗೂ ಕೆಟ್ಟದ್ದು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಗೋಡೆಗೆ ಬಣ್ಣ ಕೊಡುವುದಿದ್ದರೆ ಡಬ್ಬಿಯ ಮೇಲೆ ಅದನ್ನು ಓದಿ. ಮಳೆ ಹಿಡಿಯುವ ಮೊದಲೇ ಮುಗಿಸಿ ಕಿಟಕಿ ತೆರೆದಿಡಿ, ವಾಸನೆ ಪೂರ್ತಿ ಹೋಗಬೇಕು. ಅಕ್ಕ ಆ ಕೋಣೆಗೆ ಬರುವುದು ಬೇಡ. ಗೋಡೆಯಲ್ಲಿ ಸೋರಿದ ಕಲೆ, ಬೂಷ್ಟು ಇದ್ದರೆ ಮೊದಲು ಹಂಚು ಸರಿ ಮಾಡಿಸಿ. ಅದರ ಮೇಲೆ ಬಣ್ಣ ಬಳಿದರೆ ಮಳೆಗಾಲದಲ್ಲಿ ಬೂಷ್ಟು ಮತ್ತೆ ಹೊರಗೆ ಬರುತ್ತದೆ.

ತೊಟ್ಟಿಲಿನ ಮೇಲುಗಡೆ ಗೋಡೆಗೆ ಫೋಟೋ, ಗಡಿಯಾರ, ಶೆಲ್ಫ್ ಬೇಡ. ಮಿಣುಕು ದೀಪದ ಸರಗಳಲ್ಲಿ, ಹಾಡುವ ಗೊಂಬೆಗಳಲ್ಲಿ ಇರುವ ಗುಂಡಿ ಬ್ಯಾಟರಿ ಬಹಳ ಅಪಾಯ. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡುತ್ತದೆ. ಸ್ಕ್ರೂ ಹಾಕಿ ಮುಚ್ಚುವಂಥದ್ದನ್ನೇ ತನ್ನಿ. ಆಟಿಕೆಗೆ ಐಎಸ್ಐ ಗುರುತು 2021ರ ಜನವರಿಯಿಂದ ಕಡ್ಡಾಯ. ಸಂತೆಯಲ್ಲಿ ಕೊಳ್ಳುವಾಗಲೂ ಅದನ್ನು ಹುಡುಕಿ.

ಕಾಟುಕುಕ್ಕೆಯ ಚಿಕ್ಕಮ್ಮ

ನಮ್ಮ ಅಪ್ಪ ಈಗಲೇ ಅಟ್ಟ ಹತ್ತಿ ತೊಟ್ಟಿಲು ಅಳೆದರು. ಎರಡು ಕಡೆ ಅಂತರ ಜಾಸ್ತಿ ಇದೆ, ಆಚಾರಿಗೆ ಹೇಳಿದ್ದೇವೆ. ಕೋಣೆ ಅಲಂಕಾರಕ್ಕೆ ಹಾಗಾದರೆ ಏನು ಉಳಿಯಿತು? ಅಮ್ಮ ಮರದ ಪೆಟ್ಟಿಗೆಯಿಂದ ನಮ್ಮ ಹಳೆಯ ಎಳೆಗೂಸಿನ ಬಟ್ಟೆಗಳನ್ನು ತೆಗೆದಿದ್ದಾರೆ. ನುಸಿಗುಳಿಗೆ ಹಾಕಿಟ್ಟಿದ್ದರಿಂದ ಹಾಳಾಗಿಲ್ಲ.

ಕುಂಬಳೆ ಸಿಸ್ಟರ್

ನುಸಿಗುಳಿಗೆ ಹಾಕಿಟ್ಟ ಬಟ್ಟೆ ಎಳೆ ಮಗುವಿಗೆ ಹಾಕಲೇಬೇಡಿ. ಅದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅಂಥ ಮಗುವಿಗೆ ಈ ಬಟ್ಟೆಯ ಆವಿಯಿಂದಲೇ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ಅದು ಜಾಸ್ತಿಯಾದರೆ ಮೆದುಳಿಗೆ ಪೆಟ್ಟು. ಬಾಣಂತಿ ಕೋಣೆಯ ಕಪಾಟಿನಲ್ಲೂ ಆ ಗುಳಿಗೆ ಇರಬಾರದು. ಆ ಬಟ್ಟೆಗಳನ್ನು ಬೇರೆ ಇಟ್ಟು, ಬೇರೆಯವೇ ಹಳೆ ಪಂಚೆ, ಸೀರೆ ಅಂಟುವಾಳದಲ್ಲೋ ವಾಸನೆ ಇಲ್ಲದ ಸೋಪಿನಲ್ಲೋ ಒಗೆದು ಇಡಿ. ಮಳೆಗೆ ಒಣಗದಿದ್ದರೆ ಎರಡೂ ಬದಿ ಇಸ್ತ್ರಿ ಹಾಕಿ. ಸಾಂಬ್ರಾಣಿ ಹೊಗೆಯಲ್ಲಿ ಒಣಗಿಸುವುದು, ಮೀಯಿಸಿದ ಮೇಲೆ ಮಗುವಿಗೆ ಹೊಗೆ ಹಿಡಿಯುವುದು ಬೇಡ. ಸೊಳ್ಳೆ ಬತ್ತಿಯೂ ಬೇಡ. ಸೊಳ್ಳೆಪರದೆ ಕಟ್ಟಿ. ಅದು ಬಿಗಿಯಾಗಿ ಇರಲಿ, ಮಗುವಿನ ಕೈಗೆ ಸಿಗಬಾರದು.

ಅಲಂಕಾರ ಬೇಕಾದಷ್ಟು ಮಾಡಬಹುದು. ಹುಟ್ಟಿದ ಮಗುವಿಗೆ ಸ್ಪಷ್ಟ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ. ಎದೆಯಿಂದ ತಾಯಿಯ ಮುಖಕ್ಕೆ ಇರುವ ದೂರ ಅದು. ಕಪ್ಪು ಬಿಳುಪು ಗೆರೆಗಳು ಮೊದಲು ಕಾಣುತ್ತವೆ. ದಪ್ಪ ಕಾಗದದ ಮೇಲೆ ರಂಗೋಲಿ ಗೆರೆ, ದೊಡ್ಡ ದೊಡ್ಡ ಕನ್ನಡ ಅಕ್ಷರ ಕಪ್ಪಿನಲ್ಲಿ ಬರೆದು, ಮಗು ಎಚ್ಚರ ಇದ್ದಾಗ ನೀವೇ ಕೈಯಲ್ಲಿ ಹಿಡಿದು ತೋರಿಸಿ. ತೊಟ್ಟಿಲಿಗೆ ಬಟ್ಟೆಯ ಗಿಳಿಗಳನ್ನು ಕಟ್ಟುವುದಾದರೆ ಕೈಗೆ ಎಟುಕದಷ್ಟು ಎತ್ತರದಲ್ಲಿ. ಮಗು ಕೈಯೂರಿ ಏಳತೊಡಗಿದರೆ ಬಿಚ್ಚಿಬಿಡಿ. ದೃಷ್ಟಿಗೆ ಅಂತ ಕೊರಳಿಗೆ ದಾರ, ಕೈಗೆ ಬಜೆ ಕಟ್ಟುವವರಿದ್ದಾರೆ. ಕೊರಳ ದಾರ ಬೇಡವೇ ಬೇಡ. ಬಜೆಯ ತುಂಡು ಬಾಯಿಗೆ ಹೋಗಿ ಗಂಟಲಿಗೆ ಸಿಕ್ಕುತ್ತದೆ.

ನೀರ್ಚಾಲಿನ ಅಜ್ಜಿ

ನುಸಿಗುಳಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಇಲ್ಲಿ ಮೊಮ್ಮಗಳ ಕಪಾಟಿನಿಂದಲೂ ತೆಗೆಸುತ್ತೇನೆ. ಮೈಗೆ ಹಾಕಿಸಿ ಬೆಚ್ಚಗೆ ಇಡುವುದು ಅಂದರೆ ಒಪ್ಪಬಹುದು. ನನ್ನ ಹತ್ತಿರ ಉಟ್ಟು ಹಳತಾದ ಕಾಸರಗೋಡು ಸೀರೆ ಒಂದಿದೆ, ಹೊರಗೆ ಬಟ್ಟೆ ಹಾಕುವ ಹಗ್ಗದ ಮೇಲೆ ಇದ್ದದ್ದು, ಪೆಟ್ಟಿಗೆಯಲ್ಲಿ ಇಟ್ಟದ್ದಲ್ಲ. ಕಾಟುಕುಕ್ಕೆಗೆ ಕೌದಿಗೋ ಹೊದಿಕೆಗೋ ಬೇಕಾದರೆ ಕೊಡುತ್ತೇನೆ ಮಗಾ. ಬದಿಯಡ್ಕದ ಟೈಲರಲ್ಲಿ ಕೊಟ್ಟಿರುತ್ತೇನೆ.

ಮಂಜೇಶ್ವರ ಕಸೂತಿ ಮೆಷಿನ್

ಕನ್ನಡ ಅಕ್ಷರದ ಬಗ್ಗೆ ನಾನು ಹೇಳಬಹುದು. ಕಂಪ್ಯೂಟರ್ ಕಸೂತಿ ಮೆಷಿನ್ ಇಟ್ಟವರು ಕನ್ನಡ ಬೇಡ ಅನ್ನುವುದಕ್ಕೆ ಕಾರಣ ಇದೆ. ಕಸೂತಿ ಸಾಫ್ಟ್‌ವೇರಿನಲ್ಲಿ ಕನ್ನಡ ಹಾಕಿದರೆ ಹೆಚ್ಚಾಗಿ ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ ಬಿದ್ದು ಒಡೆಯುತ್ತದೆ. ಹಾಗಾಗಿ ಹೆಸರನ್ನು ಟೈಪ್ ಮಾಡಿ ಕಳಿಸಬೇಡಿ. ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಯಾವುದರಲ್ಲಾದರೂ ದೊಡ್ಡದಾಗಿ ಬರೆದು ಚಿತ್ರ ಮಾಡಿ ಕೊಡಿ. ಆ ಗೆರೆಯ ಮೇಲೆ ನಾವು ಹೊಲಿಗೆ ಹಾಕುತ್ತೇವೆ. ಹೊಲಿಯುವವರಿಗೆ ಕನ್ನಡ ಓದಲು ಬಾರದಿದ್ದರೆ ವ, ಪ, ಷ ಮೂರೂ ಒಂದೇ ಆಗುತ್ತವೆ. ಮೊದಲು ಕಾಗದದಲ್ಲಿ ತೆಗೆಸಿ, ನೀವೇ ಓದಿ, ಆಮೇಲೆ ಬಟ್ಟೆಗೆ ಹೋಗಲು ಬಿಡಿ.

ಅಕ್ಷರ ಒಂದು ಇಂಚಿಗಿಂತ ಚಿಕ್ಕದು ಬೇಡ. ನಮ್ಮ ಅಕ್ಷರಗಳ ಸುರುಳಿಯೊಳಗಿನ ಜಾಗ ದಾರ ತುಂಬಿ ಮುಚ್ಚಿಹೋಗುತ್ತದೆ. ಒತ್ತು ಇರುವ ಹೆಸರಾದರೆ ಕೆಳಗೆ ಅರ್ಧ ಇಂಚು ಜಾಸ್ತಿ ಬಿಡಿ.

ಆದರೆ ಮಲ್ಮಲ್‌ನಂಥ ತೆಳು ಬಟ್ಟೆಗೆ ಮೆಷಿನ್ ಹೊಲಿಗೆ ಗಟ್ಟಿಯಾಗುತ್ತದೆ. ಒಳಗೆ ಇಡುವ ಕಾಗದವೂ ಚುಚ್ಚುತ್ತದೆ. ಒಂದೇ ಹೆಸರಿಗೆ ಕೈಹೊಲಿಗೆಯೇ ವಾಸಿ. ಕನ್ನಡದ ದುಂಡು ಗೆರೆಗೆ ಸರಪಳಿ ಹೊಲಿಗೆ ಚೆನ್ನಾಗಿ ತಿರುಗುತ್ತದೆ. ಎರಡೆಳೆ ದಾರ ಸಾಕು.

ಕಾಟುಕುಕ್ಕೆಯ ಚಿಕ್ಕಮ್ಮ

ಅಜ್ಜೀ, ಆ ಸೀರೆ ನಮಗೇ ಬೇಕು. ಶನಿವಾರ ಬದಿಯಡ್ಕಕ್ಕೆ ಬರುತ್ತೇನೆ. ಹೆಸರಿನ ಪಕ್ಕದಲ್ಲಿ ಒಂದು ಚಿತ್ರ ಬೇಕು ಅಂತ ಅಕ್ಕ ಹೇಳುತ್ತಾಳೆ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆಯನ್ನು ಹೊಲಿಯಬಹುದಾ? ಅದು 2022ರಲ್ಲಿ ತೀರಿಹೋದ ಮೇಲೆ ಅಕ್ಕ ತುಂಬಾ ಅತ್ತಿದ್ದಳು. ಮತ್ತೆ, ಅಕ್ಷರವನ್ನು ಬಟ್ಟೆಗೆ ಇಳಿಸುವುದು ಯಾವುದರಲ್ಲಿ? ಪೆನ್ನಿನಲ್ಲಾ?

ಬದಿಯಡ್ಕ ಟೈಲರಕ್ಕ

ಮೊಸಳೆ ಚಂದ ಬರುತ್ತದೆ. ಬರೀ ಹೊರಗೆರೆ ಸಾಕು, ಬೆನ್ನಿನ ಮೇಲೆ ನಾಲ್ಕು ಮುಳ್ಳು. ಕಣ್ಣಿಗೆ ಮಣಿ ಹಾಕಬೇಡಿ, ದಾರದಲ್ಲೇ ಒಂದು ಚುಕ್ಕೆ ಹೊಲಿಯಿರಿ.

ಬಾಲ್ ಪೆನ್ನು ಬೇಡ. ನೀರಿಗೆ ಹೋಗುವ ನೀಲಿ ಗುರುತು ಪೆನ್ನು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅಕ್ಷರದ ಕಾಗದವನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಹಿಡಿದರೆ ಗೆರೆ ಕಾಣುತ್ತದೆ, ಹಾಗೇ ಬರೆದುಕೊಳ್ಳಿ. ಹೊಲಿದು ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ನೆನೆಸಿ ಆ ನೀಲಿಯನ್ನು ಪೂರ್ತಿ ತೆಗೆಯಿರಿ. ಆಮೇಲೆ ಸೋಪು, ಆಮೇಲೆ ಇಸ್ತ್ರಿ. ನೀಲಿ ಇರುವಾಗಲೇ ಇಸ್ತ್ರಿ ತಾಗಿಸಿದರೆ ಬಿಸಿಗೆ ಗುರುತು ಕಚ್ಚಿಕೊಂಡು ಮತ್ತೆ ಹೋಗುವುದಿಲ್ಲ. ಶನಿವಾರ ಮಧ್ಯಾಹ್ನ ಎರಡರ ತನಕ ಅಂಗಡಿ ತೆರೆದಿರುತ್ತದೆ, ಬರುವಾಗ ಅಕ್ಷರ ಬರೆದ ಕಾಗದವನ್ನೂ ತನ್ನಿ.